ಹಳೆಯ ಸೇನಾ ಬಂದೂಕಿನ ಲೋಹಕ್ಕೆ ಮತ್ತೆ ಕಪ್ಪು ಮೆರುಗು ಕೊಡುವ ಬಗೆ

ಗುಂಡು ಹಾರದಂತೆ ನಿಷ್ಕ್ರಿಯಗೊಳಿಸಿದ ಹಳೆಯ ಸೇನಾ ಬಂದೂಕನ್ನು ಮನೆಯಲ್ಲಿ ಇಟ್ಟುಕೊಂಡವರು ಅದರ ಮೇಲೆ ತುಕ್ಕು ಕಂಡೊಡನೆ ಉಪ್ಪುಕಾಗದ ತಂದು ಉಜ್ಜಲು ಕೂರುತ್ತಾರೆ. ತುಕ್ಕಿನ ಜೊತೆಗೆ ಉಳಿದಿದ್ದ ಮೂಲ ಕಪ್ಪು ಮೆರುಗು, ಕಾರ್ಖಾನೆಯ ಮುದ್ರೆ, ಪರೀಕ್ಷಾ ಗುರುತು ಎಲ್ಲವೂ ಸವೆದುಹೋಗುತ್ತವೆ. ಬಂದೂಕು ಹೊಳೆಯುತ್ತದೆ, ಅದರ ಬೆಲೆ ಹೋಗುತ್ತದೆ. ವಾಸ್ತವದಲ್ಲಿ ಆ ಕೆಂಪು ತುಕ್ಕನ್ನು ಕೆರೆದು ಎಸೆಯಬೇಕಾಗಿಲ್ಲ. ಕುದಿಯುವ ಶುದ್ಧ ನೀರಿನಲ್ಲಿ ಅದು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ, ಮತ್ತು ಹಿಂದಿನ ಕುಶಲಕರ್ಮಿಗಳು ನಳಿಗೆಗಳಿಗೆ ಕಪ್ಪು ಕೊಡುತ್ತಿದ್ದುದೂ ಇದೇ ಗುಣವನ್ನು ಬಳಸಿಕೊಂಡು.

ಕೆಲಸಕ್ಕೆ ಕೈಹಾಕುವ ಮೊದಲು ಕಾಗದಪತ್ರಗಳನ್ನು ನೋಡಿಕೊಳ್ಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಸಾಧ್ಯವಿಲ್ಲದ ಹಳೆಯ ಆಯುಧಗಳಿಗೆ ಮಾತ್ರ. ಆದ್ದರಿಂದ ನಿಷ್ಕ್ರಿಯಗೊಳಿಸಲು ಹಾಕಿದ ಬೆಸುಗೆಯನ್ನಾಗಲಿ, ಕೊರೆದ ಸೀಳನ್ನಾಗಲಿ ಮುಟ್ಟಬಾರದು. ಕ್ರಮಸಂಖ್ಯೆಯನ್ನು ಅಳಿಸುವುದು ಅದೇ ಕಾಯ್ದೆಯಡಿ ನಿಷಿದ್ಧ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುವುದರಿಂದ, ಅಪರೂಪದ ಆಯುಧವನ್ನು ಮೊದಲು ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸುವುದು ಒಳ್ಳೆಯದು.

ಎಲ್ಲ ಬಂದೂಕೂ ಕಪ್ಪಾಗಿರಲಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. 1809ರಲ್ಲಿ ಬೆಂಗಳೂರಿನ ದಂಡು ಸ್ಥಾಪನೆಯಾದ ಕಾಲದ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿನ ನಳಿಗೆ ಬಿಳಿಯಾಗಿ ಹೊಳೆಯುವಂತೆ ಉಜ್ಜಿದ ಕಬ್ಬಿಣ. ಅದಕ್ಕೆ ಕಪ್ಪು ಬಳಿಯುವುದು ಚರಿತ್ರೆಗೆ ಮಾಡುವ ಅಪಚಾರ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ನಳಿಗೆಗೆ ತುಕ್ಕಿನಿಂದ ಬರಿಸಿದ ಮೆರುಗು ಒಪ್ಪುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಬೂದು ಬಣ್ಣದ ಫಾಸ್ಫೇಟ್ ಲೇಪನ ವ್ಯಾಪಕವಾಯಿತು. ನಳಿಗೆಯನ್ನು ಮರಕ್ಕೆ ಬಿಗಿಯುವ ಲೋಹದ ಪಟ್ಟಿಯ (ಬ್ಯಾಂಡ್) ಅಥವಾ ಮರದ ಅಡಿಯಲ್ಲಿ ಬೆಳಕು ಕಾಣದೆ ಉಳಿದ ಜಾಗವನ್ನು ನೋಡಿದರೆ ಮೂಲ ಬಣ್ಣ ಯಾವುದೆಂದು ತಿಳಿಯುತ್ತದೆ. ಬಿಚ್ಚಿದ ಕೂಡಲೇ ಆ ಜಾಗದ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಬಿಚ್ಚುವಾಗ ಸ್ಕ್ರೂವಿನ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಬೇಕು, ಬೇಕಾದರೆ ಅದರ ತುದಿಯನ್ನು ಅರದಿಂದ ಉಜ್ಜಿ ಹೊಂದಿಸಿಕೊಳ್ಳಬೇಕು. ಹಿಡಿದುಕೊಂಡ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಮರವನ್ನೂ ಹಿತ್ತಾಳೆಯ ಭಾಗಗಳನ್ನೂ ಬೇರ್ಪಡಿಸಿದ ಮೇಲೆ, ಕಿಟಕಿ ತೆರೆದು, ಒಲೆಯಿಂದ ದೂರದಲ್ಲಿ, ಉಕ್ಕಿನ ಭಾಗಗಳನ್ನು ಸೀಮೆಎಣ್ಣೆಯಿಂದಲೂ ಆಮೇಲೆ ಅಸಿಟೋನ್‌ನಿಂದಲೂ ಒರೆಸಿ ಜಿಡ್ಡನ್ನು ಪೂರ್ತಿ ತೆಗೆಯಬೇಕು. ಅಲ್ಲಿಂದ ಮುಂದೆ ಬರಿಗೈ ತಾಗಿಸಬಾರದು. ಬೆರಳಿನ ಜಿಡ್ಡಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಹಿತ್ತಾಳೆ ಪಾತ್ರೆ ಬೆಳಗಿದ ಅಭ್ಯಾಸದಿಂದ ಹುಣಸೆಹಣ್ಣನ್ನೋ, ಯಾರೋ ಹೇಳಿದರೆಂದು ವಿನೆಗರ್ ಅನ್ನೋ ಹಚ್ಚುವವರಿದ್ದಾರೆ. ಮೂಲ ಮೆರುಗೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ಹುಳಿ ಅದನ್ನೂ ತುಕ್ಕಿನೊಡನೆ ತಿಂದುಹಾಕುತ್ತದೆ.

ಈಗ ಕುದಿಸುವ ಹಂತ. ನಳಿಗೆಯ ಉದ್ದಕ್ಕೆ ತಕ್ಕಂತೆ ಸ್ಟೀಲ್ ತಗಡಿನ ತೊಟ್ಟಿಯನ್ನು ಯಾವುದಾದರೂ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿಕೊಂಡು ಎರಡು ಗ್ಯಾಸ್ ಒಲೆಗಳ ಮೇಲಿಡಬಹುದು. ನೀರು ಡಿಸ್ಟಿಲ್ಡ್ ಆಗಿರಲೇಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆಗಳನ್ನು ಬಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆದರೆ ಈ ಕೆಲಸಕ್ಕೆ ಅಷ್ಟು ಕಾವು ಸಾಕು, ಉಕ್ಕಿನ ಹದವೂ ಅದರಿಂದ ಕೆಡುವುದಿಲ್ಲ. ಇಪ್ಪತ್ತು ನಿಮಿಷ ಕುದಿಸಿ ಹೊರತೆಗೆದರೆ ಇಟ್ಟಿಗೆಯ ಬಣ್ಣದ ಕಲೆಗಳೆಲ್ಲ ಮಖಮಲ್ಲಿನಂಥ ಕಪ್ಪು ಪುಡಿಯಾಗಿ ನಿಂತಿರುತ್ತವೆ. ಜಿಡ್ಡು ತೆಗೆದ, ನಾಲ್ಕು ಸೊನ್ನೆಯ (0000) ದರ್ಜೆಯ ನಯವಾದ ಸ್ಟೀಲ್ ವೂಲ್‌ನಿಂದ (ಉಕ್ಕಿನ ನಾರು) ಹಗುರವಾಗಿ ಒರೆಸಿದರೆ ಪುಡಿ ಉದುರಿ, ಅಡಿಯಲ್ಲಿ ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಉಳಿಯುತ್ತದೆ. ಅನೇಕ ಬಂದೂಕುಗಳಿಗೆ ಇಷ್ಟೇ ಸಾಕು, ಮತ್ತು ನನ್ನ ಅಭಿಪ್ರಾಯದಲ್ಲಿ ಇಲ್ಲಿಗೆ ನಿಲ್ಲಿಸುವುದೇ ಲೇಸು.

ಮೆರುಗು ಪೂರ್ತಿ ಹೋಗಿ ಕಬ್ಬಿಣ ಬರಿದಾಗಿದ್ದರೆ ಮಾತ್ರ ಸಿದ್ಧವಾಗಿ ದೊರೆಯುವ ತುಕ್ಕು ಬರಿಸುವ ದ್ರಾವಣವನ್ನು ಬಳಸಬೇಕು. ಹತ್ತಿಯನ್ನು ಅದರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಒಂದೇ ದಿಕ್ಕಿನಲ್ಲಿ ತೆಳ್ಳಗೆ ಎಳೆಯಬೇಕು. ಒಮ್ಮೆ ಎಳೆದ ಜಾಗದ ಮೇಲೆ ಮತ್ತೆ ಕೈಯಾಡಿಸಿದರೆ ಪಟ್ಟೆ ಮೂಡುತ್ತದೆ. ಆಮೇಲೆ ತೇವವಿರುವ ಕಪಾಟಿನಲ್ಲಿ ನೇತುಹಾಕಿ, ನಯವಾದ ಕೆಂಪು ತುಕ್ಕು ಎಲ್ಲೆಡೆ ಸಮನಾಗಿ ಬರುವವರೆಗೆ ಕೆಲವು ಗಂಟೆ ಬಿಟ್ಟು, ಮತ್ತೆ ಕುದಿಸಿ ಒರೆಸಬೇಕು. ಆಷಾಢದ ಮಳೆಗಾಲದಲ್ಲಿ ಗಾಳಿಯ ತೇವವೇ ನೆರವಾಗುತ್ತದೆ. ಮಾರ್ಚಿನ ಒಣ ಹವೆಯಲ್ಲಿ ಕಪಾಟಿನೊಳಗೆ ಒದ್ದೆ ಬಟ್ಟೆ ಇಡಬೇಕಾಗುತ್ತದೆ. ಆರರಿಂದ ಹತ್ತು ಸುತ್ತುಗಳಲ್ಲಿ ಬೂದು ಬಣ್ಣ ಗಾಢವಾಗಿ ಕಪ್ಪಿಗೆ ತಿರುಗುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಬ್ಲ್ಯಾಕನಿಂಗ್, ಅಂದರೆ ರಾಸಾಯನಿಕದಲ್ಲಿ ಅದ್ದಿ ಲೋಹವನ್ನು ಕಪ್ಪಾಗಿಸುವ ಕೆಲಸ, ಮಾಡಿಕೊಡುವ ಘಟಕಗಳಿವೆ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅಲ್ಲಿಯ ಕುದಿಯುವ ಕಾಸ್ಟಿಕ್ ಸೋಡಾ ದ್ರಾವಣ ಸೀಸದ ಬೆಸುಗೆಯನ್ನು ಕರಗಿಸಬಲ್ಲದು, ಮತ್ತು ಹಳೆಯ ನಳಿಗೆಗೆ ಆ ಯಂತ್ರದ ಬಿಡಿಭಾಗದ ಹೊಳಪು ಹೊಂದುವುದೂ ಇಲ್ಲ.

ನಿಷ್ಕ್ರಿಯ ಬಂದೂಕಿಗೆ ವಿಶೇಷವಾದ ತೊಡಕೊಂದಿದೆ. ನಳಿಗೆಯೊಳಗೆ ಸರಳು ತೂರಿಸಿ ಬೆಸೆದಿರುವುದರಿಂದ ಬೆಸುಗೆಯ ಸೂಜಿರಂಧ್ರಗಳ ಮೂಲಕ ಒಳಹೊಕ್ಕ ನೀರು ಸುಲಭವಾಗಿ ಹೊರಬರುವುದಿಲ್ಲ, ಮತ್ತು ವಾರಗಳ ಬಳಿಕ ಅದೇ ಜಾಗದಿಂದ ಕಂದು ರಸ ಒಸರತೊಡಗುತ್ತದೆ. ಪ್ರತಿ ಸಲ ಕುದಿಸಿದ ಮೇಲೂ ಹೇರ್ ಡ್ರೈಯರ್‌ನಿಂದ ಬೆಸುಗೆಯ ಸುತ್ತ ಚೆನ್ನಾಗಿ ಬಿಸಿ ಮಾಡಿ ಒಣಗಿಸಬೇಕು, ಕೊನೆಯಲ್ಲಿ ನೀರನ್ನು ಹೊರದೂಡುವ ಎಣ್ಣೆಯನ್ನು ಅಲ್ಲಿ ಇಳಿಬಿಡಬೇಕು. ಬೆಸುಗೆಯ ಲೋಹ ಬೇರೆಯಾದ್ದರಿಂದ ಆ ಜಾಗದ ಬಣ್ಣ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ. ಅದನ್ನು ಮರೆಮಾಚಲು ಹೋಗದಿರುವುದು ಕಾನೂನಿನ ದೃಷ್ಟಿಯಿಂದಲೂ ಕ್ಷೇಮ.

ಕಡೆಯ ಸುತ್ತಿನ ಬಳಿಕ ತುಕ್ಕು ಬರಿಸುವ ದ್ರಾವಣದ ಆಮ್ಲದ ಶೇಷ ಹೋಗಲು ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ, ಬೆಚ್ಚಗಿರುವಾಗಲೇ ಯಂತ್ರದ ಎಣ್ಣೆ ಹಚ್ಚಿ ಒಂದು ದಿನ ಬಿಡಬೇಕು. ಕೊಬ್ಬರಿ ಎಣ್ಣೆ ಬೇಡ. ಡಿಸೆಂಬರಿನ ಚಳಿಗೆ ಅದು ಗಟ್ಟಿಯಾಗುತ್ತದೆ, ಕಾಲಕ್ರಮೇಣ ಕಮಟುತ್ತದೆ. ಮರುದಿನ ಎಣ್ಣೆಯನ್ನು ಒರೆಸಿ, ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ತಿಕ್ಕಿದರೆ ಬೆರಳಚ್ಚಿಗೂ ತೇವಕ್ಕೂ ತಡೆಯಾಗುತ್ತದೆ. ಆಯುಧಪೂಜೆಯಂದು ಗಂಧ, ಕುಂಕುಮ, ನಿಂಬೆಹಣ್ಣುಗಳನ್ನು ನೇರವಾಗಿ ಲೋಹಕ್ಕೆ ತಾಗಿಸದೆ, ಮರದ ಹಿಡಿಗೆ ಬಟ್ಟೆ ಸುತ್ತಿ ಅದರ ಮೇಲಿಡಬೇಕು. ಒದ್ದೆ ಗಂಧದ ಬೊಟ್ಟಿನ ಕೆಳಗೆ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಏಳಬಹುದು. ಚುಕ್ಕೆ ಎದ್ದಿದ್ದರೆ ಉಜ್ಜಬಾರದು, ಆ ಭಾಗವನ್ನಷ್ಟೇ ಮತ್ತೆ ಕುದಿಸಿ ಒರೆಸಿ ಮೇಣ ಹಚ್ಚಬೇಕು.