ಗ್ರಾವೆಲ್ ಬೈಕಿಗೆ ಹಿಂದಿನ ಹಬ್ ತಗೊಳ್ಳೋ ಮುಂಚೆ

ಗ್ರಾವೆಲ್ ಬೈಕಿನಲ್ಲಿ (ಮಣ್ಣು, ಜಲ್ಲಿ ರಸ್ತೆಗೂ ಆಗುವ ಸೈಕಲ್) ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗ, ಬದಲಾಯಿಸುವವರು ಮೊದಲು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಯಾವುದು ಅಂತ ತೀರ್ಮಾನಿಸಿ, ಆಮೇಲೆ ಹಬ್ ನೋಡಿ. ಕ್ಯಾಸೆಟ್ ಕೂರುವುದು ಹಬ್ಬಿನದೇ ಭಾಗವಾದ ಫ್ರೀಹಬ್ ಬಾಡಿ ಮೇಲೆ. ಅದು ಹೊಂದದಿದ್ದರೆ ದುಬಾರಿ ಹಬ್ ಕೂಡ ಸುಮ್ನೆ ದಂಡ.

ಸುಲಭವಾದ ಗುರುತು ಕ್ಯಾಸೆಟ್ಟಿನ ಅತಿ ಚಿಕ್ಕ ಹಲ್ಲುಚಕ್ರದಲ್ಲಿರುವ ಹಲ್ಲುಗಳ ಸಂಖ್ಯೆ. 11 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ ಸಾಮಾನ್ಯವಾಗಿ ಶಿಮಾನೊ ಕಂಪನಿಯ ಎಚ್‌ಜಿ ಮಾದರಿಯ ಬಾಡಿಗೆ. 10ರಿಂದ ಶುರುವಾದರೆ ಶಿಮಾನೊದಲ್ಲಿ ಮೈಕ್ರೋ ಸ್ಪ್ಲೈನ್ ಬಾಡಿ, ಸ್ರಾಮ್ ಕಂಪನಿಯಲ್ಲಿ ಎಕ್ಸ್‌ಡಿ ಅಥವಾ ಎಕ್ಸ್‌ಡಿಆರ್. ಈ ಎರಡರಲ್ಲಿ ಎಕ್ಸ್‌ಡಿಆರ್ 1.85 ಮಿ.ಮೀ. ಉದ್ದ. ಹಾಗಾಗಿ ಅಷ್ಟೇ ದಪ್ಪದ ಸ್ಪೇಸರ್ (ತೆಳು ಬಳೆ) ಹಾಕಿದರೆ ಎಕ್ಸ್‌ಡಿ ಕ್ಯಾಸೆಟ್ ಅದರ ಮೇಲೆ ಕೂರುತ್ತದೆ. ಉಲ್ಟಾ ಆಗಲ್ಲ.

ಎಚ್‌ಜಿಯಲ್ಲೂ ಇದೇ ಗೊಂದಲ ಇದೆ. 11 ಸ್ಪೀಡಿನ (ಹಿಂದೆ 11 ಹಲ್ಲುಚಕ್ರಗಳ) ರೋಡ್ ಬೈಕ್ ಬಾಡಿ ಹಳೆಯ 8, 9, 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದ. ಈ ಉದ್ದ ಬಾಡಿ ಮೇಲೆ 11-42 (ಚಿಕ್ಕದು 11, ದೊಡ್ಡದು 42 ಹಲ್ಲು) ತರಹದ ಶಿಮಾನೊ ಎಂಟಿಬಿ (ಮೌಂಟನ್ ಬೈಕ್) ಕ್ಯಾಸೆಟ್ ಹಾಕುವಾಗ 1.85 ಮಿ.ಮೀ. ಸ್ಪೇಸರ್ ಮರೆತರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಬಿಗಿ ಮಾಡಿದರೂ ಕ್ಯಾಸೆಟ್ ಅಲ್ಲಾಡುತ್ತಲೇ ಇರುತ್ತದೆ.

ಆಕ್ಸಲ್ ಕೂಡ ನೋಡಿ. ಈಗಿನ ಗ್ರಾವೆಲ್ ಫ್ರೇಮ್‌ಗಳಲ್ಲಿ ಜಾಸ್ತಿ ಇರುವುದು 12x142, ಅಂದರೆ 12 ಮಿ.ಮೀ. ದಪ್ಪದ ಆಕ್ಸಲ್, 142 ಮಿ.ಮೀ. ಅಗಲದ ಹಬ್. ಎಂಟಿಬಿಯ 148 ಬೂಸ್ಟ್ ಹಬ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಅದು ಕೂರಲ್ಲ. ಬ್ರೇಕಿನ ಡಿಸ್ಕ್ ರೋಟರ್ ಹಬ್ಬಿಗೆ ಕೂರುವ ಬಗೆ ಸೆಂಟರ್‌ಲಾಕ್‌ದಾ, ಆರು ಬೋಲ್ಟಿನದಾ ಅಂತಲೂ ಕೇಳಿಕೊಳ್ಳಿ.

ಕ್ಯಾಸೆಟ್ಟಿನಲ್ಲಿ ದೊಡ್ಡ ಹಲ್ಲುಚಕ್ರದ ಆಸೆ ಇದ್ದರೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮಿತಿ ಗೊತ್ತಿರಲಿ. ಶಿಮಾನೊದ ಗ್ರಾವೆಲ್ ಡಿರೇಲರ್‌ಗಳಲ್ಲಿ ಜಿಆರ್‌ಎಕ್ಸ್ ಆರ್‌ಎಕ್ಸ್810ಕ್ಕೆ ಗರಿಷ್ಠ 34, ಆರ್‌ಎಕ್ಸ್812ಕ್ಕೆ 42 ಹಲ್ಲು ಅಂತ ಕಂಪನಿಯೇ ಹೇಳುತ್ತದೆ. ಬಾಡಿ ಬದಲಾಯಿಸಬಹುದಾದ ಹಬ್ ಸಿಕ್ಕರೆ ನಾನಂತೂ ಅದನ್ನೇ ತಗೊಳ್ಳಿ ಅಂತೀನಿ.