ಕರೆಂಟ್ ಹೋದಾಗ ಫ್ರಿಜ್ ಬಾಗಿಲು ಮುಟ್ಟಬೇಡಿ

ಕರೆಂಟ್ ಹೋಯಿತೋ ಇಲ್ಲವೋ, ನಮ್ಮ ಮನೆ ಹುಡುಗರು ಫ್ರಿಜ್ ಬಾಗಿಲು ತೆರೆದು ನಿಲ್ಲುತ್ತಾರೆ. ಹಾಲು ಕೆಟ್ಟಿತಾ, ಐಸ್ ಕರಗಿತಾ ಅಂತ ಗಳಿಗೆಗೊಮ್ಮೆ ಇಣುಕುವುದು. ಇಣುಕಿ ಇಣುಕಿಯೇ ಕೆಡಿಸುತ್ತೀರಲ್ಲ! ಮುಚ್ಚಿಟ್ಟರೆ ಒಳಗಿನ ತಂಪು ಸುಮಾರು 4 ತಾಸು ತಡೆಯುತ್ತದೆ. ಕರೆಂಟ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಹಚ್ಚಿ ಕೇಳಿ. ಜಾಸ್ತಿ ಹೊತ್ತು ಬರಲ್ಲ ಅಂದರೆ ಒಂದೇ ಸಲ ಬಾಗಿಲು ತೆಗೆದು ಹಾಲು, ಮೊಸರು ಹೊರಗಿಡಿ.

ಹೊರಗಿಟ್ಟ ಹಾಲನ್ನು ತಂಪಾಗಿಡಲು ಈಗ ನಮ್ಮ ಅತ್ತೆಯವರ ಉಪಾಯ ಕೇಳಿ. ವಿಜಯಪುರದ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಅಂಗಳಕ್ಕೆ ಕಾಲಿಡಲು ಆಗುವುದಿಲ್ಲ. ಆಗೆಲ್ಲ ಫ್ರಿಜ್ ಎಲ್ಲಿತ್ತು? ಅವರು ಅಗಲ ಪರಾತದಲ್ಲಿ ನಾಲ್ಕು ಬೆರಳು ಉಸುಕು ಹರಡುತ್ತಿದ್ದರು. ಉಸುಕನ್ನು ನೀರು ತಿಳಿಯಾಗುವವರೆಗೂ ತೊಳೆಯಬೇಕು, ಇಲ್ಲದಿದ್ದರೆ ಮಣ್ಣಿನ ವಾಸನೆ. ಮೇಲೆ ನೀರು ಹಾಕಿ. ಬೆರಳಿಂದ ಒತ್ತಿದರೆ ಒದ್ದೆ ಹತ್ತಬೇಕು, ನೀರು ನಿಲ್ಲಬಾರದು. ಹಾಲು ಕಾಯಿಸಿ, ಪೂರ್ತಿ ಆರಿಸಿ, ಪಾತ್ರೆಯನ್ನು ಉಸುಕಿನಲ್ಲಿ ಒತ್ತಿ ಕೂರಿಸಿ, ಮುಚ್ಚಳ ಹಾಕಿ. ಬಿಸಿ ಹಾಲು ಇಟ್ಟರೆ ಉಸುಕೇ ಬೆಚ್ಚಗಾಗುತ್ತದೆ, ಸುಮ್ನೆ ಕೆಲಸ ದಂಡ. ಹಳೆಯ ಧೋತರದ ತುಂಡು ಹಿಂಡಿ ಪಾತ್ರೆಗೆ ಸುತ್ತಿ, ಅದರ ಅಂಚನ್ನು ಉಸುಕಿನೊಳಗೆ ಸಿಗಿಸಿ. ಆಗ ಬಟ್ಟೆ ತಾನೇ ನೀರು ಎಳೆದುಕೊಳ್ಳುತ್ತದೆ. ನೈಲಾನ್ ಓಢಣಿ ಬೇಡ, ಅರಿವೆ ನೂಲಿನದೇ ಆಗಬೇಕು. ನೀವು ಹಳೆ ಧೋತರಗಳನ್ನೆಲ್ಲ ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತೀರಿ, ಆಮೇಲೆ ನೆಲ ಒರೆಸಲಿಕ್ಕೂ ಅಂಗಡಿಯ ಬಟ್ಟೆ!

ಪರಾತವನ್ನು ಬಿಸಿಲು ಬೀಳದ, ಗಾಳಿ ಹಾಯುವ ಕಿಟಕಿಯ ಹತ್ತಿರ ಇಡಿ. ಮೊಮ್ಮಗಳು ಅಡುಗೆಮನೆ ಮೂಲೆಯಲ್ಲಿಟ್ಟು, "ಅಜ್ಜಿ, ತಂಪೇ ಆಗಲಿಲ್ಲ" ಅಂದಳು. ಹೇಗೆ ಆಗುತ್ತದೆ ತಂಗಿ? ನೀರು ಗಾಳಿಗೆ ಆರಿದರೆ ತಾನೇ ತಂಪು. ಅದಕ್ಕೇ ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ನಡೆಯುವ ಕಡೆಯೂ ಇದು ಫ್ರಿಜ್ ಅಲ್ಲ. ಹಾಲನ್ನು ಸಂಜೆಯೊಳಗೆ ಖರ್ಚು ಮಾಡಿ, ಮಾಂಸದ ಅಡುಗೆ ಇದರಲ್ಲಿ ಇಡಲೇಬೇಡಿ.

ಮಿಕ್ಸರ್ ಇಲ್ಲ ಅಂತ ಊಟ ನಿಲ್ಲಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದಿಷ್ಟು ಎಣ್ಣೆ, ಕಚ್ಚಲಿಕ್ಕೆ ಉಳ್ಳಾಗಡ್ಡಿ ಸಾಕು. ಮೋಟರ್ ನಡೆಯುವುದಿಲ್ಲ, ಟ್ಯಾಂಕಿನ ನೀರು ಸುರಿದು ಗಾಡಿ ತೊಳೆಯುವವರಿಗೆ ಏನು ಹೇಳಲಿ.

ಫ್ರಿಜ್ಜಿನ ಪ್ಲಗ್ ಮೊದಲೇ ತೆಗೆದಿಡಿ. ಕರೆಂಟ್ ಬಂದ ತಕ್ಷಣ ಹಾಕಬೇಡಿ, ಬಂದು ಹೋಗಿ ಆಡುತ್ತಿರುತ್ತದೆ. ದೀಪ ಅಲುಗಾಡದೆ ಐದು ನಿಮಿಷ ಉರಿಯಲಿ, ಆಮೇಲೆ ಹಾಕಿ.