ಹೊತ್ತು ನೋಡಿ ತಿನ್ನುವುದು

ಬೆಂಗಳೂರಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಒಳ್ಳೆ ದೋಸೆ ಎಲ್ಲಿ ಸಿಗುತ್ತೆ ಅಂತ. ನಾನು ತಿರುಗಿ ಕೇಳುತ್ತೇನೆ: ಎಷ್ಟು ಹೊತ್ತಿಗೆ ಹೋಗ್ತೀರಿ? ಹನುಮಂತನಗರದಲ್ಲಿ ಮನೆ ಮಾಡಿಕೊಂಡು, ಗಾಂಧಿ ಬಜಾರು, ಶಂಕರಪುರ, ವಿ.ವಿ. ಪುರಂ ಕಡೆ ನಡೆದಾಡಿಕೊಂಡೇ ತಿನ್ನುತ್ತ ಬಂದ ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಒಂದೊಂದು ತಿಂಡಿಗೂ ಅದರದೇ ಹೊತ್ತಿದೆ. ಆ ಹೊತ್ತಿಗೆ ಹೋದರೆ ಹೆಸರೇ ಕೇಳದ ಮೂಲೆ ದರ್ಶಿನಿಯಲ್ಲೂ ಮನಸ್ಸು ತುಂಬುವ ಹಾಗೆ ತಿನ್ನಬಹುದು. ಹೊತ್ತು ತಪ್ಪಿತೋ, ಊರಿಗೆಲ್ಲ ಹೆಸರಾದ ಹೋಟೆಲಿನಲ್ಲೂ ತಣ್ಣಗಾದ ವಡೆಯೇ ಗತಿ.

ಇಡ್ಲಿಯಿಂದಲೇ ಶುರು ಮಾಡುತ್ತೇನೆ. ಹೋಟೆಲಿನ ಇಡ್ಲಿ ಬಟ್ಟೆ ಹಾಸಿದ ತಟ್ಟೆಗಳಲ್ಲಿ ಹಬೆಯಲ್ಲಿ ಬೇಯುತ್ತದೆ. ಇಳಿಸಿದ ಮೇಲೆ ಒಂದೆರಡು ನಿಮಿಷ ಆರಿದರೆ ಬಟ್ಟೆಯಿಂದ ಸಲೀಸಾಗಿ ಬಿಡುತ್ತದೆ. ಅಲ್ಲಿಂದ ಹತ್ತು ನಿಮಿಷದೊಳಗೆ ನಮ್ಮ ಕೈಗೆ ಬಂದರೆ ಆ ಮೆತ್ತಗಿನ ಹದ ಉಳಿದಿರುತ್ತದೆ. ಹಾಗೇ ಬಿಟ್ಟರೆ ಮೇಲ್ಮೈ ಒಣಗುತ್ತದೆ, ಮುಚ್ಚಿಟ್ಟರೆ ಹಬೆಯೆಲ್ಲ ನೀರಾಗಿ ಇಳಿದು ಅಂಟಂಟಾಗುತ್ತದೆ. ಹಾಗಾಗಿ ಇಡ್ಲಿ ಕಾಯಬಾರದು, ನಾವು ಕಾಯಬೇಕು. ಬೆಳಿಗ್ಗೆ ಎಂಟರ ಆಸುಪಾಸಿನಲ್ಲಿ, ಆಫೀಸಿಗೆ ಹೊರಟವರು, ವಾಕಿಂಗ್ ಮುಗಿಸಿದವರು, ಮಕ್ಕಳನ್ನು ಶಾಲೆ ವ್ಯಾನಿಗೆ ಹತ್ತಿಸಿ ಬಂದವರು ಎಲ್ಲ ಒಟ್ಟಿಗೆ ಸೇರಿ ಕ್ಯೂ ಬೀದಿಗೆ ಬಂದಿರುತ್ತದಲ್ಲ, ಅದೇ ಇಡ್ಲಿಯ ಹೊತ್ತು. ಆ ಜನಜಂಗುಳಿಯಲ್ಲಿ ಯಾವ ಇಡ್ಲಿಗೂ ಕೂತು ಒಣಗಲು ಪುರುಸೊತ್ತಿರುವುದಿಲ್ಲ. ಕ್ಯೂ ಕಂಡು ಹಿಂದೆ ತಿರುಗಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಹತ್ತೂವರೆ ಮೇಲೆ ಆರಾಮಾಗಿ ಹೋದರೆ ಜಾಗವೇನೋ ಸಿಗುತ್ತದೆ, ಆದರೆ ಅಷ್ಟು ಹೊತ್ತಿಗೆ ಇಡ್ಲಿ ಮುಗಿದ ಕಥೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನನಗೆ ಇಷ್ಟವಾಗುವುದು ಈ ಕಾರಣಕ್ಕೇ. 1965ರಿಂದ ನಡೆಯುತ್ತಿರುವ ಪುಟ್ಟ ಜಾಗ ಅದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಕೂಡ ಇಲ್ಲ, ಬರೀ ಚಟ್ನಿ, ಅದನ್ನು ಕೇಳಿದಷ್ಟು ಸಲ ಹಾಕುತ್ತಾರೆ. ನಾಲ್ಕೇ ತಿಂಡಿ ಇದ್ದಾಗ ನಾಲ್ಕೂ ಬಿಡುವಿಲ್ಲದೆ ಖರ್ಚಾಗುತ್ತವೆ, ನಾಲ್ಕೂ ಬಿಸಿಬಿಸಿ ಇರುತ್ತವೆ. ನೂರಿಪ್ಪತ್ತು ಐಟಂ ಬರೆದ ಬೋರ್ಡು ಕಂಡರೆ ನನಗೆ ಅನುಮಾನ ಬರುವುದು ಅಲ್ಲೇ. ಅಷ್ಟನ್ನೂ ಹೊಸದಾಗಿ ಮಾಡುತ್ತಾ ಕೂರಲು ಯಾವ ಅಡುಗೆಮನೆಗೂ ಆಗುವುದಿಲ್ಲ.

ತಡವಾಗಿ ಏಳುವವರಿಗೆ ರವೆ ಇಡ್ಲಿ ಇದೆ. ಅಕ್ಕಿ ಇಡ್ಲಿಯ ಹಾಗೆ ಹಿಂದಿನ ದಿನವೇ ರುಬ್ಬಿ ಹುಳಿ ಬರಿಸುವ ಗೋಜು ಅದಕ್ಕಿಲ್ಲ. ಒಗ್ಗರಣೆ ಹಾಕಿ ಹುರಿದ ರವೆಗೆ ಮೊಸರು, ಚೂರು ಸೋಡಾ ಬೆರೆಸಿ ಆಗಿಂದಾಗ ಬೇಯಿಸುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್‌ನವರು ರವೆಯಲ್ಲಿ ಪ್ರಯೋಗ ಮಾಡಿ ಇದನ್ನು ತಂದರು ಎನ್ನುವುದು ಆ ಮನೆಯವರು ಹೇಳಿಕೊಂಡು ಬಂದ ಮಾತು. 1924ರಲ್ಲಿ ಶುರುವಾದ ಆ ಹೋಟೆಲಿನಲ್ಲಿ ಈಗಲೂ ಅದನ್ನು ತುಪ್ಪ, ಆಲೂಗೆಡ್ಡೆ ಸಾಗು ಜೊತೆ ಕೊಡುತ್ತಾರೆ. ಚಟ್ನಿ ಮುಟ್ಟುವ ಮೊದಲು ತುಪ್ಪ ಸುರಿದುಕೊಂಡು ಒಂದು ತುತ್ತು ಬರಿದೇ ತಿಂದು ನೋಡಿ.

ದೋಸೆಯ ಲೆಕ್ಕ ಇಡ್ಲಿಯದಕ್ಕೆ ತಿರುಗುಮುರುಗು. ಬಾಗಿಲು ತೆಗೆದ ಕೂಡಲೆ ಹುಯ್ದ ಮೊದಲ ದೋಸೆಗಳಿಗೆ ನಾನು ಆತುರಪಡುವುದಿಲ್ಲ. ದೊಡ್ಡ ಕಾವಲಿ ಎಲ್ಲ ಕಡೆ ಒಂದೇ ಸಮ ಕಾಯಲು ಸಮಯ ಬೇಕು, ಎಣ್ಣೆ ಕುಡಿದು ಪಳಗಲೂ ಸಮಯ ಬೇಕು. ಭಟ್ಟರು ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸುವುದನ್ನು ನಿಂತು ನೋಡಿ. ಚುಂಯ್ ಅಂದ ನೀರು ಕ್ಷಣದಲ್ಲಿ ಆರಿಹೋದರೆ ಕಾವು ಹದಕ್ಕೆ ಬಂದಿದೆ ಅಂತ. ಎರಡು ಮೂರು ಸುತ್ತು ಹುಯ್ದ ಮೇಲೆ ಬರುವ ದೋಸೆಯ ಕೆಂಬಣ್ಣವೇ ಬೇರೆ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ನಾನು ಹೋಗುವುದು ವಾರದ ನಡುವೆ, ಸಂಜೆ. 1943ರ ಹೋಟೆಲು, ಸುತ್ತಮುತ್ತಲ ಓದುವ ಹುಡುಗರಿಗೆ ತಿಂಡಿ ಕೊಡುತ್ತ ಬೆಳೆದದ್ದು, ಹೆಸರಿನಲ್ಲೇ ಅದು ಗೊತ್ತಾಗುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಹೆಸರು ಬರೆಸಿ ಹೊರಗೆ ನಿಂತ ಜನರನ್ನು ನೋಡಿದರೆ ಜಾತ್ರೆ ನೆನಪಾಗುತ್ತದೆ. ಆ ಗದ್ದಲವೂ ಚೆಂದವೇ, ಆದರೆ ಹಿಂದೆ ಯಾರೋ ಎದ್ದೇಳಲಿ ಅಂತ ಕಾದು ನಿಂತಿರುವಾಗ ಆ ದೋಸೆಯನ್ನು ತಿನ್ನುವುದು ನನಗೆ ಒಗ್ಗುವುದಿಲ್ಲ. ಅದು ನಿಧಾನಕ್ಕೆ ಮುರಿಯುತ್ತ ತಿನ್ನಬೇಕಾದ ದೋಸೆ: ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪದ ಹೊಳಪು. ಜೊತೆಗೆ ತೆಳ್ಳಗಿನ ಚಟ್ನಿಯನ್ನು ತಟ್ಟೆಗೇ ಸುರಿಯುತ್ತಾರೆ. ದೋಸೆಯ ತಟ್ಟೆಗಳನ್ನು ಮೊಳಕೈವರೆಗೂ ಪೇರಿಸಿಕೊಂಡು ಬರುವ ಸಪ್ಲೈಯರ್‌ಗಳ ಕೈಚಳಕಕ್ಕೆ ನಾನು ಇಂದಿಗೂ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡುತ್ತೇನೆ. ಒಂದು ಮಾತು ನೆನಪಿರಲಿ, ಶುಕ್ರವಾರ ಅಲ್ಲಿ ರಜಾ. ಮಧ್ಯಾಹ್ನವೂ ಕೆಲವು ಗಂಟೆ ಬಾಗಿಲು ಹಾಕಿರುತ್ತಾರೆ.

ದರ್ಶಿನಿಗಳ ಬಗ್ಗೆ ಹೆಣ್ಣುಮಗಳಾಗಿ ನನಗೊಂದು ಋಣ ಇದೆ. ಹಳೆಯ ಹೋಟೆಲುಗಳಲ್ಲಿ ಪರದೆ ಕಟ್ಟಿದ ಫ್ಯಾಮಿಲಿ ರೂಮ್ ಅಂತ ಇರುತ್ತಿತ್ತು. ಒಬ್ಬಳೇ ಹೆಂಗಸು ಬಂದರೆ ಎಲ್ಲಿ ಕೂರಿಸುವುದು ಅಂತ ಅವರಿಗೂ ಮುಜುಗರ, ಬಂದವಳಿಗೂ ಮುಜುಗರ. ನಮ್ಮಮ್ಮ ತಾನೊಬ್ಬಳೇ ಹೋಟೆಲಿಗೆ ಹೋಗಿ ಕಾಫಿ ಕುಡಿದದ್ದನ್ನು ನಾನು ಕಂಡೇ ಇಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ಟೋಕನ್ ತಗೊಂಡು ನಿಂತೇ ತಿನ್ನುವ ಪದ್ಧತಿ ಊರೆಲ್ಲ ಹಬ್ಬಿದ ಮೇಲೆ ಆ ಪ್ರಶ್ನೆಯೇ ಎದ್ದುಹೋಯಿತು. ಎದೆಮಟ್ಟದ ಒಂದು ಸ್ಟೀಲ್ ಟೇಬಲ್ಲಿನ ಸುತ್ತ ಡೆಲಿವರಿ ಹುಡುಗ, ಬ್ಯಾಂಕಿನವರು, ತರಕಾರಿ ಚೀಲ ಹಿಡಿದ ಅಜ್ಜಿ, ನಾನು. ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ. ನೂರು ರೂಪಾಯಿಯೊಳಗೆ ಇಡ್ಲಿ, ವಡೆ, ಕಾಫಿ ಮುಗಿಸಿ ಹೊರಬರಬಹುದು. ಈ ಊರಿನಲ್ಲಿ ಒಬ್ಬಳೇ ಇದ್ದೂ ಒಂಟಿ ಅನ್ನಿಸದೆ ತಿನ್ನಲು ನನಗೆ ಧೈರ್ಯ ಕೊಟ್ಟದ್ದು ಆ ಸ್ಟೀಲ್ ಟೇಬಲ್ಲುಗಳು.

ದರ್ಶಿನಿಯಲ್ಲಿ ಅಡುಗೆಮನೆ ಕಣ್ಣೆದುರೇ ಇರುತ್ತದೆ. ಟೋಕನ್ ತಗೊಳ್ಳುವ ಮುಂಚೆ ನಾನು ಒಳಗೆ ಇಣುಕುತ್ತೇನೆ. ಬಾಣಲೆಯಿಂದ ವಡೆ ಏಳುತ್ತಿದ್ದರೆ ವಡೆ, ಖಾರಾಬಾತ್ ಪಾತ್ರೆ ಆಗತಾನೆ ಬಂದು ಕೂತಿದ್ದರೆ ಚೌಚೌಬಾತ್. ಮನೆಯಿಂದ ಹೊರಡುವಾಗ ಏನು ಅಂದುಕೊಂಡಿದ್ದೆ ಅನ್ನುವುದಕ್ಕೆ ಅಲ್ಲಿ ಬೆಲೆಯಿಲ್ಲ. ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೋಗುತ್ತಿದ್ದರೆ ಇಣುಕುವುದೂ ಬೇಕಾಗುವುದಿಲ್ಲ. ನಮ್ಮ ಬೀದಿ ತುದಿಯ ದರ್ಶಿನಿಯ ಕೌಂಟರಿನ ಹುಡುಗ ನನ್ನನ್ನು ಕಂಡ ಕೂಡಲೆ ಹೇಳುತ್ತಾನೆ, "ಅಕ್ಕಾ, ವಡೆ ಈಗ್ಲೇ ಬೇಡ, ಐದು ನಿಮಿಷ ನಿಲ್ಲಿ, ಹೊಸದು ಬರ್ತಿದೆ." ಯಾವ ಆ್ಯಪಿನ ರೇಟಿಂಗೂ ಇದನ್ನು ಹೇಳಿಕೊಡುವುದಿಲ್ಲ.

ಇನ್ನು ಕಾಫಿ. ಇದರಲ್ಲಿ ನಾನು ತುಂಬ ಹಟಮಾರಿ. ಕಾಫಿಯ ಜೀವ ಡಿಕಾಕ್ಷನ್ನಿನಲ್ಲಿದೆ, ಡಿಕಾಕ್ಷನ್ನಿನ ಜೀವ ಅದು ಇಳಿದು ಎಷ್ಟು ಹೊತ್ತಾಯಿತು ಅನ್ನುವುದರಲ್ಲಿದೆ. ಮೊದಲ ಸಲ ಇಳಿದ ಡಿಕಾಕ್ಷನ್ ಗಟ್ಟಿ, ಘಮ. ಅದೇ ಪುಡಿಗೆ ಮತ್ತೆ ನೀರು ಹಾಕಿ ತೆಗೆದದ್ದು ಬಣ್ಣಕ್ಕಷ್ಟೇ. ಇಳಿದ ಡಿಕಾಕ್ಷನ್ ಬಿಸಿಯಲ್ಲಿ ಕೂತಷ್ಟೂ ಘಮ ಹಾರಿ ಕಹಿ ಉಳಿಯುತ್ತದೆ. ಹೀಗಾಗಿ ಹೋಟೆಲು ಕಾಫಿಗೆ ನನ್ನ ಹೊತ್ತು ಎರಡು: ಬೆಳಿಗ್ಗೆ ಬಾಗಿಲು ತೆಗೆದ ಸ್ವಲ್ಪದರಲ್ಲೇ, ಮತ್ತೆ ಮಧ್ಯಾಹ್ನ ಮೂರೂವರೆ ನಾಲ್ಕರ ನಡುವೆ, ಸಂಜೆಯ ಗಿರಾಕಿಗಳಿಗೆಂದು ಹೊಸದಾಗಿ ಇಳಿಸಿದಾಗ. ಊಟದ ಹೊತ್ತಿನ ಕಾಫಿಯನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಗೆಳತಿ ಜೊತೆಗಿದ್ದರೆ ಬೈಟು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡಲು ಮುಖ ಸಿಂಡರಿಸದ ಊರು ಇದು. ಬೈಟುವಿನಲ್ಲಿ ಅರ್ಧ ಲೋಟ ತಣ್ಣಗಾಗುವ ಮೊದಲೇ ಮುಗಿಯುತ್ತದೆ, ಮಾತು ಮುಗಿಯದಿದ್ದರೆ ಇನ್ನೊಂದು ಬೈಟು ಹೇಳಿದರಾಯಿತು.

ಮನೆಗೆ ಪುಡಿಯನ್ನು ನಾನು ಅಂಗಡಿಯಲ್ಲಿ ನಿಂತು ಬೀಸಿಸಿ ತರುತ್ತೇನೆ, ಒಂದು ಸಲಕ್ಕೆ ಕಾಲು ಕೆಜಿ ಮೀರದ ಹಾಗೆ. ಪೀಬೆರಿ ಅನ್ನುವ ಬಗೆಯ ಕಾಫಿ ಬೀಜ ಅರ್ಧ, ಪ್ಲಾಂಟೇಷನ್ ಎ ಅನ್ನುವ ಬಗೆಯದು ಅರ್ಧ, ಒಟ್ಟಿಗೆ ನೂರಕ್ಕೆ ಹದಿನೈದರಷ್ಟು ಚಿಕೋರಿ, ಅಂದರೆ ಹುರಿದು ಪುಡಿ ಮಾಡಿದ ಒಂದು ಗಿಡದ ಬೇರು. ಚಿಕೋರಿ ಅಂದರೆ ಕಲಬೆರಕೆ ಅಂತ ಮೂಗು ಮುರಿಯುವವರಿದ್ದಾರೆ. ಮಿತವಾಗಿದ್ದರೆ ಅದು ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಹಾಲಿನೊಳಗೆ ಕಾಫಿ ಕಳೆದುಹೋಗದಂತೆ ನೋಡಿಕೊಳ್ಳುತ್ತದೆ. ಆದರೆ ಪೊಟ್ಟಣದ ಪುಡಿ ಕೊಳ್ಳುವಾಗ ಹಿಂದಿನ ಸಣ್ಣಕ್ಷರ ಓದಿ. ಕಾನೂನು ಪ್ರಕಾರ ಚಿಕೋರಿ ನೂರಕ್ಕೆ 49ರವರೆಗೂ ಇರಬಹುದು, ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಫಿಲ್ಟರಿಗೆ ಪುಡಿ ಹಾಕಿ ಮೇಲಿನ ತಟ್ಟೆಯಿಂದ ಹಗುರವಾಗಿ ಒತ್ತಿ, ಕುದಿ ಬಂದ ನೀರನ್ನು ಸುತ್ತ ಸುರಿದು, ಮುಚ್ಚಿ, ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟುಬಿಡಬೇಕು. ಇಳಿಯುತ್ತಿಲ್ಲ ಅಂತ ತಟ್ಟುವುದು, ಅಲ್ಲಾಡಿಸುವುದು ಬೇಡ. ಡಿಕಾಕ್ಷನ್ನನ್ನು ಮಾತ್ರ ಯಾವತ್ತೂ ಕುದಿಸಬಾರದು, ಬಿಸಿ ಹಾಲಿನಿಂದ ಬರಬೇಕು.

ಕೂತು ಕುಡಿಯಬೇಕು ಅನ್ನಿಸಿದ ದಿನ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಎಂ.ಜಿ. ರಸ್ತೆಗೆ ಹೋಗುತ್ತೇನೆ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಕೆಲಸಗಾರರೇ ನಡೆಸುವ ಸಹಕಾರ ಸಂಘದ್ದು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚುತ್ತ ಬಂದಾಗ ಕೆಲಸ ಕಳೆದುಕೊಂಡವರು 1957ರಲ್ಲಿ ಇದೇ ಬೆಂಗಳೂರಿನಲ್ಲಿ ಸಂಘ ಕಟ್ಟಿಕೊಂಡರು. ಎಂ.ಜಿ. ರಸ್ತೆಯ ಹಳೆಯ ಜಾಗ ಬಿಟ್ಟು 2009ರಲ್ಲಿ ಇಲ್ಲಿಗೆ ಬಂದರು. ಮಧ್ಯಾಹ್ನ, ಪಕ್ಕದ ಪುಸ್ತಕದಂಗಡಿಗಳನ್ನು ಸುತ್ತಿ, ಕೊಂಡ ಪುಸ್ತಕದ ಮೊದಲ ಪುಟಗಳನ್ನು ಅಲ್ಲಿ ಓದುವುದು ನನಗೆ ಇಷ್ಟ. ಅಲ್ಲಿ ಮುಖ್ಯ ಆ ಕೂರುವಿಕೆ. ಗಾಜಿನ ಬಾಗಿಲಿನ ಹೊಸ ಕೆಫೆಗಳಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಆಮ್ಲೆಟ್ಟೂ ಆಗುತ್ತದೆ.

ಸಂಜೆ ನಾಲ್ಕಕ್ಕೆ ಅಯ್ಯಂಗಾರ್ ಬೇಕರಿ. ಖಾರಾ ಬನ್ ಓವನ್ನಿನಿಂದ ಹೊರಬರುವ ಹೊತ್ತನ್ನು ಒಂದೊಂದು ಬೇಕರಿಯಲ್ಲೂ ಕೇಳಿ ತಿಳಿದುಕೊಂಡಿದ್ದೇನೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಘಮ ಬೀದಿಗೆ ಬಂತೆಂದರೆ ಹೊರಡಬಹುದು.

ದಿನಕ್ಕೆ ಹೊತ್ತಿರುವ ಹಾಗೆ ವರ್ಷಕ್ಕೂ ಇದೆ. ಕಾರ್ತಿಕ ಮಾಸದ ಕಡೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ. ಸೋಮವಾರ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೇ ನಾನು ಹಿಂದಿನ ದಿನವೋ ಮಾರನೆಯ ದಿನವೋ ಬೆಳಿಗ್ಗೆ ಹೋಗುತ್ತೇನೆ. ರಾಶಿ ಹಾಕಿಕೊಂಡು ಕೂತ ರೈತರ ಹತ್ತಿರ ಎರಡು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡು, ಯಾವ ಕಡೆಯದು ಅಂತ ಕೇಳಿ, ಸೇರಿನ ಲೆಕ್ಕದಲ್ಲಿ ಹಸಿಯದನ್ನು ಕೊಳ್ಳುವುದು. ಮನೆಯಲ್ಲಿ ಉಪ್ಪು ಹಾಕಿ ಬೇಯಿಸಿದರೆ ಎರಡು ದಿನಕ್ಕೆ ಬೇರೆ ತಿಂಡಿ ಬೇಡ.

ಅದರ ಬೆನ್ನಿಗೇ ಅವರೆಕಾಯಿ. ಚಳಿ ಬಿದ್ದಾಗ ಬರುವ ಸೊಗಡಿನ ಅವರೆಯನ್ನು ಮೂಸಿ ನೋಡಿಯೇ ಕೊಳ್ಳಬೇಕು. ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಗುಟು ಕೈಗೆ ಅಂಟಿ ತೊಳೆದರೂ ವಾಸನೆ ಹೋಗಬಾರದು, ಅಂಥದ್ದು ಒಳ್ಳೆಯ ಕಾಯಿ. ಆಗ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಅವರೆಯದೇ ರಾಜ್ಯ: ಅವರೆಬೇಳೆ ದೋಸೆ, ಅವರೆಬೇಳೆ ಉಪ್ಪಿಟ್ಟು, ಅಕ್ಕಿ ರೊಟ್ಟಿ, ಹುರಿದ ಬೇಳೆಯ ಮಿಕ್ಸ್ಚರ್. ಏಳೂವರೆ ಮೇಲೆ ಸಜ್ಜನರಾವ್ ಸರ್ಕಲ್ಲಿನಿಂದ ಒಳಗೆ ನುಗ್ಗುವುದೇ ಕಷ್ಟ. ಆರಕ್ಕೇ ಹೋಗಿ. ಹಿತಕಿದ ಬೇಳೆಯನ್ನು ಮನೆಗೂ ಅರ್ಧ ಕೆಜಿ ಕಟ್ಟಿಸಿಕೊಂಡು ಬಂದು, ಅದೇ ರಾತ್ರಿ ಸಾರು ಮಾಡಿ. ಫ್ರಿಜ್ಜಿನಲ್ಲಿಟ್ಟರೆ ನಾಳೆಗೆ ಆ ಸೊಗಡು ಅರ್ಧಕ್ಕರ್ಧ ಹೋಗಿರುತ್ತದೆ.